ಕೆಮ್ಮಣ್ಣಿಗೆ ಬಣ್ಣ ಕೊಟ್ಟ ಪಾಚಿ

ಹೋದ ತಿಂಗಳು ಕೋಲಾರದ ಹತ್ತಿರ ಒಂದು ಟೊಮೆಟೊ ತೋಟದಲ್ಲಿ ಬೋರ್‌ವೆಲ್ ಪಾಯಿಂಟ್ ಗುರುತು ಮಾಡಿ, ಲಾರಿಯವರು ಕೊರೆಯುವುದನ್ನು ನೋಡುತ್ತ ನಿಂತಿದ್ದೆ. ತೋಟದ ಯಜಮಾನರು ಕೇಳಿದರು: "ಸಾರ್, ಬಿಸಿಲು ಎಷ್ಟೇ ಏರಲಿ, ಭೂಮ್ತಾಯಿ ತಾನೇ ಸರಿ ಮಾಡ್ಕೊಳ್ತಾಳೆ ಅಂತಾರಲ್ಲ, ನಿಜವಾ?"

ಅರ್ಧ ನಿಜ. 1970ರ ದಶಕದಲ್ಲಿ ಜೇಮ್ಸ್ ಲವ್‌ಲಾಕ್, ಲಿನ್ ಮಾರ್ಗುಲಿಸ್ ಎಂಬ ವಿಜ್ಞಾನಿಗಳು ಹೆಚ್ಚುಕಮ್ಮಿ ಇದನ್ನೇ ಹೇಳಿದರು. ಭೂಮಿ ವಾಸಕ್ಕೆ ತಕ್ಕಂತೆ ಉಳಿದಿರುವುದರಲ್ಲಿ ಜೀವಿಗಳ ಕೈಯೂ ಇದೆ ಅಂತ. ಗ್ರೀಕರ ಭೂತಾಯಿ ಗಾಯಾಳ ಹೆಸರನ್ನೇ ಆ ವಾದಕ್ಕೆ ಇಟ್ಟರು. ನನಗೆ ತೊಡಕು ಇರುವುದು ಆ ಹೆಸರಲ್ಲೇ. ತಾಯಿ ಅಂದಕೂಡಲೇ ನಾವು ಮಮತೆ ಹುಡುಕುತ್ತೇವೆ. ದಿನಾ ಕಲ್ಲು ನೋಡುವವನಿಗೆ ಕಾಣುವುದು ಬರೀ ಹೊಟ್ಟೆಪಾಡು.

ಬದುವಿನ ಬಂಡೆ ಮೇಲೆ ಬೂದು-ಹಸಿರು ತೇಪೆ ಇತ್ತು, ಕಲ್ಲುಹೂವಿನ ಜಾತಿಯದು. ಉಗುರಿನಿಂದ ಕೆರೆದೆ. ಜೊತೆಗೆ ಕಲ್ಲಿನ ಕಾಳೂ ಉದುರಿತು. ಆ ತೇಪೆ ಹುಳಿ, ಅಂದರೆ ಆಮ್ಲ, ಬಿಟ್ಟು ಬಂಡೆಯನ್ನು ಸವೆಸುತ್ತದೆ. ಬೇರುಗಳದೂ ಅದೇ ಕೆಲಸ. ಬೇರು, ಸೂಕ್ಷ್ಮಜೀವಿಗಳ ಉಸಿರಿನಿಂದ ಮಣ್ಣೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು ಜಾಸ್ತಿ. ಅದು ನೀರಲ್ಲಿ ಬೆರೆತು ಕಲ್ಲನ್ನು ಕರಗಿಸುತ್ತದೆ, ಕಲ್ಲಿನ ಕ್ಯಾಲ್ಸಿಯಂ ಹೊಳೆ ಹಿಡಿದು ಸಮುದ್ರ ಸೇರಿ, ಅಲ್ಲಿ ಚಿಪ್ಪಾಗಿ, ಸುಣ್ಣದಕಲ್ಲಾಗಿ ಇಂಗಾಲವನ್ನು ಹೂತಿಡುತ್ತದೆ. ಬಿಸಿ ಏರಿದರೆ ಕಲ್ಲು ಬೇಗ ಕರಗುತ್ತದೆ, ಗಾಳಿಯ ಇಂಗಾಲ ಇಳಿಯುತ್ತದೆ, ಭೂಮಿ ತಣ್ಣಗಾಗುತ್ತದೆ. ಜೀವ ಇಲ್ಲದಿದ್ದರೂ ಇದು ನಡೆಯುತ್ತದೆ, ಆದರೆ ನಿಧಾನ.

ಜೀವಿಗಳೇ ಕೆಡಿಸಿದ್ದೂ ಉಂಟು. ಸುಮಾರು 240 ಕೋಟಿ ವರ್ಷದ ಹಿಂದೆ ನೀಲಿಹಸಿರು ಪಾಚಿ ಬಿಟ್ಟ ಆಮ್ಲಜನಕ ಗಾಳಿಯಲ್ಲಿ ಸೇರತೊಡಗಿತು. ಅದು ಪಾಚಿಯ ಕಸ, ಆಗಿನ ಎಷ್ಟೋ ಸೂಕ್ಷ್ಮಜೀವಿಗಳಿಗೆ ವಿಷ. ನಮ್ಮ ಕೆಮ್ಮಣ್ಣು ಕೆಂಪಗಿರುವುದು ಆಮ್ಲಜನಕ ಹಿಡಿದ ಕಬ್ಬಿಣದಿಂದ, ಅಂದರೆ ತುಕ್ಕಿನಿಂದ. ಕೆಜಿಎಫ್ ಚಿನ್ನದ ಗಣಿಯ ಕಲ್ಲುಗಳು ಸುಮಾರು 270 ಕೋಟಿ ವರ್ಷದವು, ಪಾಚಿಯ ಗಾಳಿ ತುಂಬುವುದಕ್ಕಿಂತ ಹಳೆಯವು. ಆಗ ಇಲ್ಲಿ ನಿಂತಿದ್ದರೆ ಈ ಕೆಂಪು ಕಾಣುತ್ತಿರಲಿಲ್ಲ. (ನಿಂತಿದ್ದರೆ ಉಸಿರಾಡಲೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.)

"ಹಂಗಾದ್ರೆ ಈಗಿನ ಹೊಗೆನೂ ಕಲ್ಲೇ ತಿನ್ನತ್ತೆ ಅನ್ನಿ" ಅಂದರು ಯಜಮಾನರು. ತಿನ್ನುತ್ತೆ, ಪೂರ್ತಿ ಮುಗಿಸೋಕೆ ಲಕ್ಷಾಂತರ ವರ್ಷ ಬೇಕು ಅಂದೆ. ಅವರು ನಕ್ಕು, ಬೋರಿನ ಪುಡಿಯನ್ನು ಅಂಗೈಗೆ ಹಿಡಿದರು. ಕೆಂಪು ಹೋಗಿ ಬೂದಿ ಬಣ್ಣ ಬರುತ್ತಿತ್ತು. 60 ಅಡಿಗೆ ಗಟ್ಟಿ ಕಲ್ಲು. ಲಾರಿ ಹುಡುಗರು ಕೇಸಿಂಗ್ ಪೈಪ್ ಎತ್ತಿದರು.