ಹೆಡ್‌ಲೈನರ್: ಕೊನೆಗೆ ಹಾಡುವವರೋ, ಮೇಲೆ ಅಚ್ಚಾದವರೋ?

ಬ್ರಿಟನ್ನಿನ ಗಾಯಕ ರಾಡ್ ಸ್ಟೀವರ್ಟ್ 2025ರಲ್ಲಿ ಇಂಗ್ಲೆಂಡಿನ ಹೊಲವೊಂದರಲ್ಲಿ ನಡೆದ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಹೆಡ್‌ಲೈನರ್, ಅಂದರೆ ರಾತ್ರಿಯ ಮುಖ್ಯ ಕಲಾವಿದ, ಆಗಿದ್ದರು ಎಂದು ಓದುತ್ತಿರುವುದು ಇದು ನಾಲ್ಕನೆಯ ಸಲವೋ ಐದನೆಯ ಸಲವೋ. ಆಗಿರಲಿಲ್ಲ. ಅವರು ಆ ಉತ್ಸವದ ಭಾನುವಾರ ಅಲ್ಲಿನ ಮುಖ್ಯ ವೇದಿಕೆಯಾದ ಪಿರಮಿಡ್ ವೇದಿಕೆಯ ಮೇಲೆ ಹಾಡಿದ್ದು ನಿಜ, ಎಂಬತ್ತರ ವಯಸ್ಸಿನಲ್ಲಿ ಹಾಡಿದ್ದೂ ನಿಜ. ಆದರೆ ಹಾಡಿದ್ದು ಮಧ್ಯಾಹ್ನ. ಆ ರಾತ್ರಿಯ ಹೆಡ್‌ಲೈನರ್ ಒಲಿವಿಯಾ ರೊಡ್ರಿಗೊ. ಸ್ಟೀವರ್ಟ್ ಅಲ್ಲಿ ಹೆಡ್‌ಲೈನರ್ ಆಗಿದ್ದದ್ದು 2002ರಲ್ಲಿ, ಅದೂ ಭಾನುವಾರವೇ. ಅದೇ ಮನುಷ್ಯ, ಅದೇ ಹೊಲ, ಅದೇ ಭಾನುವಾರ. ಒಮ್ಮೆ ಹೆಡ್‌ಲೈನರ್, ಇನ್ನೊಮ್ಮೆ ಅಲ್ಲ. ಇಷ್ಟು ಹೊಳೆದವರಿಗೆ ಪದದ ಮುಕ್ಕಾಲು ಅರ್ಥ ಸಿಕ್ಕಂತೆಯೇ. ಹೊಳೆಯದವರು ಬಹಳ ಮಂದಿ ಇರುವುದರಿಂದ ಉಳಿದದ್ದನ್ನೂ ಬರೆಯಬೇಕಾಗಿದೆ.

ಇದಕ್ಕಿಂತ ತಮಾಷೆಯದು ‘ಉತ್ಸವವನ್ನು ಶೀರ್ಷಿಕೆ ಮಾಡಿದ ಗಾಯಕಿ’ ಎಂಬಂಥ ವಾಕ್ಯ. ಯಂತ್ರಕ್ಕೆ ಕೊಟ್ಟು ಅನುವಾದಿಸಿಕೊಂಡು, ಹಿಂತಿರುಗಿ ಓದದೆ ಪ್ರಕಟಿಸಿದರೆ ಹೀಗಾಗುತ್ತದೆ. ಒಂದು ಕಡೆ ಹೆಡ್‌ಲೈನರ್‌ಗೆ ‘ತಲೆಬರಹಗಾರ’ ಎಂದೂ ಬರೆದಿದ್ದರು. ನಗುವ ಮೊದಲು ಒಂದು ಮಾತು: ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ಹೆಡ್‌ಲೈನರ್ ಎಂದರೆ ಪತ್ರಿಕೆಗೆ ತಲೆಬರಹ ಬರೆಯುವವನೇ ಆಗಿದ್ದ. ಆ ಅನುವಾದಕ ತಪ್ಪಿದ್ದು ಅರ್ಥದಲ್ಲಲ್ಲ, ಸುಮಾರು ನೂರಮೂವತ್ತು ವರ್ಷಗಳ ಲೆಕ್ಕದಲ್ಲಿ.

ಪದದ ಹುಟ್ಟು ಅಚ್ಚುಕೂಟದಲ್ಲಿದೆ, ವೇದಿಕೆಯ ಮೇಲಲ್ಲ. ಪುಸ್ತಕದ ಪ್ರತಿ ಪುಟದ ನೆತ್ತಿಯಲ್ಲಿ ಹೆಸರು, ಪುಟಸಂಖ್ಯೆ ಹೊತ್ತು ಕೂರುವ ಸಾಲಿಗೆ ಮುದ್ರಕರು ಹದಿನೇಳನೆಯ ಶತಮಾನದಲ್ಲೇ ಹೆಡ್‌ಲೈನ್ ಎನ್ನುತ್ತಿದ್ದರು. ಪತ್ರಿಕೆಯ ಸುದ್ದಿಯ ತಲೆಬರಹಕ್ಕೆ ಆ ಹೆಸರು ಅಂಟಿದ್ದು ಬಹಳ ತಡವಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ವಾಡೆವಿಲ್ ಮಂದಿ ಅದನ್ನು ಎತ್ತಿಕೊಂಡರು. ಒಂದೇ ಟಿಕೆಟಿಗೆ ಹಾಡು, ನಗೆ, ಜಾದೂ, ದೊಂಬರಾಟ, ಸಾಕಿದ ನಾಯಿಗಳ ಆಟ ಎಲ್ಲವನ್ನೂ ತೋರಿಸುತ್ತಿದ್ದ ರಂಗಪ್ರಕಾರ ಅದು. ಹಾಗೆ ಎಂಟೊಂಬತ್ತು ಆಟಗಳಿರುವಾಗ ಜನರನ್ನು ಒಳಗೆ ಕರೆಯುವ ಹೆಸರು ಒಂದಾದರೂ ಬೇಕಲ್ಲ. ಆ ಹೆಸರು ಪೋಸ್ಟರಿನ ತಲೆಯ ಸಾಲಿನಲ್ಲಿ ಅಚ್ಚಾಗುತ್ತಿತ್ತು. ತಲೆಯ ಸಾಲಿನವನು, ಆದ್ದರಿಂದ ಹೆಡ್‌ಲೈನರ್. ಇದರಲ್ಲಿ ಹಾಡುವ ಹೊತ್ತಿನ ಸುಳಿವೇ ಇಲ್ಲ ಎಂಬುದನ್ನು ಗಮನಿಸಬೇಕು. ಮೂಲದಲ್ಲಿ ಇದು ಕಾಗದದ ಮೇಲಿನ ಜಾಗದ ಹೆಸರು.

ಬ್ರಿಟನ್ನಿನಲ್ಲಿ ಇಂಥದೇ ಆಟಗಳು ನಡೆಯುತ್ತಿದ್ದ ಮ್ಯೂಸಿಕ್ ಹಾಲ್‌ಗಳಲ್ಲಿ ಇದೇ ಜಾಗಕ್ಕೆ ‘ಟಾಪ್ ಆಫ್ ದ ಬಿಲ್’ ಎನ್ನುತ್ತಿದ್ದರು. ಇಲ್ಲಿನ ಬಿಲ್ ನಾವು ಹಣ ಕೊಡುವ ಬಿಲ್ಲಲ್ಲ. ಗೋಡೆಗೆ ಅಂಟಿಸುವ ಕಾಗದ. ಅಂಥ ಹಳೆಯ ಪೋಸ್ಟರೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಕಿರಿದಾದ ಉದ್ದನೆಯ ಹಾಳೆ. ಮೇಲ್ಗಡೆ ಒಂದೇ ಹೆಸರು, ಮರದ ಅಚ್ಚುಮೊಳೆಯ ದಪ್ಪ ಅಕ್ಷರದಲ್ಲಿ, ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ. ಅದರ ಕೆಳಗೆ ಒಂದೊಂದು ಸಾಲಿಗೂ ಅಕ್ಷರ ಒಂದೊಂದು ಅಳತೆ ಇಳಿಯುತ್ತದೆ. ಕೆಳಗಿನ ಅಂಚು ಮುಟ್ಟುವ ಹೊತ್ತಿಗೆ ಒಂದೇ ಸಾಲಿನಲ್ಲಿ ಎರಡು ಮೂರು ಹೆಸರುಗಳು ಒತ್ತರಿಸಿಕೊಂಡು ನಿಂತಿರುತ್ತವೆ. ಅವುಗಳ ಪಕ್ಕದಲ್ಲೇ ರಂಗಮಂದಿರದೊಳಗೆ ಮದ್ಯ ಸಿಗುತ್ತದೆಂಬ ಸೂಚನೆ, ಅದೇ ಅಳತೆಯ ಅಕ್ಷರದಲ್ಲಿ. ಹಾಗಾಗಿ ತೀರಾ ಕೆಳಗಿನ ಕಲಾವಿದರಿಗೆ ‘ವೈನ್ಸ್ ಆ್ಯಂಡ್ ಸ್ಪಿರಿಟ್ಸ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ಹೆಡ್‌ಲೈನರ್ ಪದಕ್ಕಿಂತ ನನಗೆ ಇದರ ಮೇಲೇ ಪ್ರೀತಿ ಹೆಚ್ಚು.

ಇನ್ನು ನನ್ನ ತಾಳ್ಮೆ ಕೆಡಿಸುವ ಗೊಂದಲಕ್ಕೆ ಬರುತ್ತೇನೆ: ಹೆಡ್‌ಲೈನರ್ ಎಂದರೆ ಕೊನೆಗೆ ಹಾಡುವವರು ಎಂಬ ವ್ಯಾಖ್ಯಾನ. ವಾಡೆವಿಲ್‌ನಲ್ಲಿ ಹೆಡ್‌ಲೈನರ್ ಸಾಮಾನ್ಯವಾಗಿ ಕೊನೆಗೆ ಬರುತ್ತಲೇ ಇರಲಿಲ್ಲ. ಅವರದು ಕೊನೆಯದಕ್ಕಿಂತ ಒಂದು ಮುಂಚಿನ ಸರದಿ. ಮೊದಲ ಸರದಿ ಮಾತಿಲ್ಲದ ಆಟಕ್ಕೆ, ದೊಂಬರಿಗೋ ಪ್ರಾಣಿಗಳಿಗೋ. ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ ಮಾತು ಯಾರ ಕಿವಿಗೂ ಬೀಳುವುದಿಲ್ಲವಲ್ಲ. ಕೊನೆಯ ಸರದಿಯೂ ಬಹುಮಟ್ಟಿಗೆ ಅಂಥದ್ದೇ, ಏಕೆಂದರೆ ಅಷ್ಟು ಹೊತ್ತಿಗೆ ಜನ ಟೋಪಿ, ಕೋಟು ಎತ್ತಿಕೊಂಡು ಬಾಗಿಲಿನತ್ತ ಹೆಜ್ಜೆ ಹಾಕಿರುತ್ತಿದ್ದರು. ಆ ಕೊನೆಯ ಆಟಕ್ಕೆ ‘ಚೇಸರ್’ ಎಂಬ ಹೆಸರೂ ಇತ್ತು, ಅಂದರೆ ಪ್ರೇಕ್ಷಕರನ್ನು ಹೊರಗಟ್ಟುವಂಥದ್ದು. ಮಂಗಳ ಹಾಡುವುದು ಕೊನೆಗೇ. ಅದಕ್ಕಾಗಿ ಯಾರೂ ಕಚೇರಿಗೆ ಬರುವುದಿಲ್ಲ.

ಹಾಗಾದರೆ ಇಂದಿನ ಉತ್ಸವಗಳಲ್ಲಿ ಹೆಡ್‌ಲೈನರ್ ಕೊನೆಗೇ ಏಕೆ? ಬಯಲಿನ ಕಾರಣಕ್ಕೆ. ಗ್ಲಾಸ್ಟನ್‌ಬರಿ ನಡೆಯುವುದು ಇಂಗ್ಲೆಂಡಿನ ಸಾಮರ್ಸೆಟ್‌ನ ಒಂದು ಹೈನು ತೋಟದಲ್ಲಿ, ಜೂನ್ ಕೊನೆಯಲ್ಲಿ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆಗೆ. ಏಳು ಗಂಟೆಗೆ ಹಾಡುವವರು ಎಷ್ಟೇ ದೀಪ ತಂದರೂ ಬಿಸಿಲು ನುಂಗಿಹಾಕುತ್ತದೆ. ಹತ್ತರ ಆಸುಪಾಸಿಗೆ ವೇದಿಕೆ ಹತ್ತುವವರಿಗೆ ಕತ್ತಲೆ ಪುಕ್ಕಟೆಯಾಗಿ ಸಿಗುತ್ತದೆ. ಜೊತೆಗೆ ಹೆಚ್ಚು ಸಮಯ, ತಮ್ಮದೇ ರಂಗಸಜ್ಜು. ತಲೆಯ ಸಾಲಿನವರಿಗೆ ಒಳ್ಳೆಯ ಹೊತ್ತು ಕೊಟ್ಟರು, ಅದು ಕೊನೆಯ ಹೊತ್ತೂ ಆಯಿತು, ಅಷ್ಟೇ. ನಿಜವಾದ ಕೊನೆಯೂ ಅದಲ್ಲ. ಪಿರಮಿಡ್ ವೇದಿಕೆ ಕತ್ತಲಾದ ಮೇಲೆ ಹೊಲದ ಆಗ್ನೇಯ ಮೂಲೆಯಲ್ಲಿ ಬೆಳಗಿನ ಜಾವದವರೆಗೂ ಕುಣಿತ ನಡೆಯುತ್ತದೆ. ನಾಲ್ಕು ಗಂಟೆಗೆ ಅಲ್ಲಿ ಹಾಡು ಹಾಕುವ ಡಿಜೆಯನ್ನು ಯಾರೂ ಹೆಡ್‌ಲೈನರ್ ಎನ್ನುವುದಿಲ್ಲ. 1971ರಲ್ಲಿ ಇದೇ ಉತ್ಸವದಲ್ಲಿ ಗಾಯಕ ಡೇವಿಡ್ ಬೋವಿ ಹಾಡಿದ್ದು ನಸುಕಿನಲ್ಲಿ. ಅದು ಗೌರವದ ಸರದಿಯೇನಲ್ಲ, ಕಾರ್ಯಕ್ರಮ ಗಂಟೆಗಟ್ಟಲೆ ತಡವಾಗಿದ್ದರ ಫಲ.

ಅಭಿಮಾನಿಗಳ ಜಗಳಗಳಿಗೆ ಮೂಲ ಇದೇ ಗೊಂದಲದ ಇನ್ನೊಂದು ರೂಪ. ‘ಅವರಿಗೆ ಹೆಡ್‌ಲೈನರ್ ಆಗುವ ಯೋಗ್ಯತೆ ಇಲ್ಲ’ ಎನ್ನುವಾಗ ಒಬ್ಬರು ಅದನ್ನು ಪದವಿಯಂತೆ ಬಳಸುತ್ತಿರುತ್ತಾರೆ: ವರ್ಷಗಟ್ಟಲೆ ದುಡಿದು, ಇಷ್ಟು ಹಿಟ್ ಹಾಡು ಕೊಟ್ಟು, ಗಳಿಸಿಕೊಳ್ಳಬೇಕಾದ್ದು. ಉತ್ತರ ಕೊಡುವವರು ಸರದಿ ಎಂಬ ಅರ್ಥದಲ್ಲಿ ಬಳಸುತ್ತಾರೆ: ಶುಕ್ರವಾರ, ಶನಿವಾರ, ಭಾನುವಾರ, ಮೂರು ರಾತ್ರಿ, ಮೂರು ಹೆಸರು. ಇಬ್ಬರೂ ಒಂದೇ ಪದ ಹಿಡಿದು ಬೇರೆ ಬೇರೆ ಮಾತಾಡುತ್ತ ರಾತ್ರಿ ಕಳೆಯುತ್ತಾರೆ. ನನ್ನ ಮತ ಸರದಿಯ ಪಕ್ಷಕ್ಕೆ. ಪುರಾವೆ 2015ರ ಗ್ಲಾಸ್ಟನ್‌ಬರಿಯಲ್ಲಿದೆ. ಶುಕ್ರವಾರ ರಾತ್ರಿಗೆ ಗೊತ್ತಾಗಿದ್ದದ್ದು ರಾಕ್ ಬ್ಯಾಂಡ್ ಫೂ ಫೈಟರ್ಸ್. ಅವರಿಗಿಂತ ಮುಂಚಿನ ಸರದಿ ಗಾಯಕಿ ಫ್ಲಾರೆನ್ಸ್‌ರ ಬ್ಯಾಂಡ್ ಫ್ಲಾರೆನ್ಸ್ ಆ್ಯಂಡ್ ದ ಮಷೀನ್‌ಗೆ. ಉತ್ಸವಕ್ಕೆ ಎರಡು ವಾರ ಇರುವಾಗ ಫೂ ಫೈಟರ್ಸ್‌ನ ಡೇವ್ ಗ್ರೋಲ್ ಸ್ವೀಡನ್ನಿನಲ್ಲಿ ವೇದಿಕೆಯಿಂದ ಬಿದ್ದು ಕಾಲು ಮುರಿದುಕೊಂಡರು. ಫ್ಲಾರೆನ್ಸ್ ಒಂದು ಮೆಟ್ಟಿಲು ಮೇಲೇರಿದರು. ಆ ಎರಡು ವಾರದಲ್ಲಿ ಅವರ ಕಂಠ, ಹಾಡು, ಯೋಗ್ಯತೆ ಯಾವುದೂ ಬದಲಾಗಲಿಲ್ಲ. ಬದಲಾದದ್ದು ಬೇರೊಬ್ಬರ ಮೂಳೆ. 1995ರಲ್ಲೂ ಇದೇ ಕಥೆ: ಸ್ಟೋನ್ ರೋಸಸ್ ಬ್ಯಾಂಡಿನ ಗಿಟಾರ್ ವಾದಕ ಕೊರಳೆಲುಬು ಮುರಿದುಕೊಂಡರು, ಬದಲಿಗೆ ಪಲ್ಪ್ ಬ್ಯಾಂಡ್ ಬಂತು, ಆ ರಾತ್ರಿಯನ್ನು ಜನ ಇವತ್ತಿಗೂ ನೆನೆಯುತ್ತಾರೆ. ಅದೇ ಪಲ್ಪ್ 2025ರಲ್ಲಿ ‘ಪ್ಯಾಚ್‌ವರ್ಕ್’ ಎಂಬ ಸುಳ್ಳು ಹೆಸರಿನಲ್ಲಿ ಬಂದು ಸಂಜೆಯ ಬೆಳಕಿನಲ್ಲಿ ಹಾಡಿ ಹೋಯಿತು. ಅಷ್ಟೇಕೆ, 1970ರ ಮೊಟ್ಟಮೊದಲ ಉತ್ಸವದಲ್ಲೂ ಕಿಂಕ್ಸ್ ಕೈಕೊಟ್ಟು ಮಾರ್ಕ್ ಬೋಲನ್‌ರ ಟಿರಾನೊಸಾರಸ್ ರೆಕ್ಸ್ ಬಂದಿತ್ತು. ಟಿಕೆಟ್ ಆಗ 1 ಪೌಂಡ್, ಹಾಲು ಪುಕ್ಕಟೆ. ತಲೆಬರಹಕ್ಕೂ ಹಣೆಬರಹಕ್ಕೂ ನಂಟಿರುವುದು ನಮ್ಮ ಭಾಷೆಯಲ್ಲಿ ಮಾತ್ರವಲ್ಲ.

ಪದವಿ ಪಕ್ಷದವರು ಸುಮ್ಮನಿರುವುದಿಲ್ಲ, ಗೊತ್ತು. 2008ರಲ್ಲಿ ಹಿಪ್-ಹಾಪ್ ಗಾಯಕ ಜೇ-ಝೀ ಶನಿವಾರದ ಹೆಡ್‌ಲೈನರ್ ಎಂದಾಗ ರಾಕ್ ಬ್ಯಾಂಡ್ ಒಯಾಸಿಸ್‌ನ ನೋಯಲ್ ಗ್ಯಾಲಗರ್ ಗ್ಲಾಸ್ಟನ್‌ಬರಿಗೆ ಹಿಪ್-ಹಾಪ್ ಸಲ್ಲದೆಂದು ಬಹಿರಂಗವಾಗಿ ಹೇಳಿದರು. ಹಿಪ್-ಹಾಪ್ ಕಲಾವಿದರು ಅದಕ್ಕೆ ಮೊದಲೂ ಆ ಹೊಲದಲ್ಲಿ ಹಾಡಿದ್ದರು. ಇಂಥ ಗದ್ದಲ ಎದ್ದಿರಲಿಲ್ಲ. ಅಂದರೆ ಸಿಟ್ಟು ಸಂಗೀತದ ಮೇಲಲ್ಲ, ಸಾಲಿನ ಮೇಲೆ. ಆ ವರ್ಷ ಟಿಕೆಟ್ ನಿಧಾನವಾಗಿ ಮಾರಾಟವಾದದ್ದಕ್ಕೂ ಜೇ-ಝೀಯನ್ನೇ ದೂರಿದರು, ಹಿಂದಿನ ವರ್ಷದ ಮಳೆ, ಕೆಸರು ಯಾರಿಗೂ ನೆನಪಾದಂತಿಲ್ಲ. ಜೇ-ಝೀ ಕೊರಳಿಗೆ ಗಿಟಾರ್ ನೇತುಹಾಕಿಕೊಂಡು ಬಂದು, ಒಯಾಸಿಸ್‌ನ ಅತಿ ಪ್ರಸಿದ್ಧ ಹಾಡನ್ನೇ ಬೇಕೆಂದೇ ಕೆಟ್ಟದಾಗಿ ಹಾಡಿ, ಆಮೇಲೆ ತಮ್ಮದನ್ನು ಶುರುಮಾಡಿದರು. ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 2015ರಲ್ಲಿ ಇನ್ನೊಬ್ಬ ಹಿಪ್-ಹಾಪ್ ಗಾಯಕ ಕಾನ್ಯೆ ವೆಸ್ಟ್ ಬೇಡ, ರಾಕ್ ಬ್ಯಾಂಡ್ ಕರೆಸಿ ಎಂಬ ಮನವಿಗೆ 1,30,000ಕ್ಕೂ ಹೆಚ್ಚು ಸಹಿ ಬಿದ್ದವು. ಹಿರಿತನವೇ ಅಳತೆ ಎನ್ನುವವರು 2022ನ್ನು ನೋಡಲಿ: ಶುಕ್ರವಾರ ಇಪ್ಪತ್ತರ ಬಿಲ್ಲಿ ಐಲಿಶ್, ಶನಿವಾರ ಎಂಬತ್ತರ ಪಾಲ್ ಮೆಕಾರ್ಟ್ನಿ.

ಒಂದು ದೂರನ್ನು ಮಾತ್ರ ನಾನೂ ಒಪ್ಪುತ್ತೇನೆ. ಸರದಿ ಎಂದ ಮೇಲೆ ಅದನ್ನು ಹಂಚುವವರಿದ್ದಾರೆ, ಹಂಚಿಕೆಯನ್ನು ಪ್ರಶ್ನಿಸಬಹುದು. 2023ರಲ್ಲಿ ಆರ್ಕ್ಟಿಕ್ ಮಂಕೀಸ್, ಗನ್ಸ್ ಎನ್ ರೋಸಸ್, ಎಲ್ಟನ್ ಜಾನ್, ಮೂರೂ ರಾತ್ರಿ ಗಂಡಸರೇ. ಮರುವರ್ಷ ಡುವಾ ಲಿಪಾ, ಸಿಝಾ, ನಡುವೆ ಕೋಲ್ಡ್‌ಪ್ಲೇ. ಮೂವರಲ್ಲಿ ಇಬ್ಬರು ಮಹಿಳೆಯರಾದದ್ದು ಅದೇ ಮೊದಲು. ಇದು ಹಂಚಿಕೆಯ ಕುರಿತ ನ್ಯಾಯವಾದ ವಾದ. ‘ಕೊಟ್ಟ ದುಡ್ಡಿಗೆ ಇವರೇನಾ’ ಎಂಬುದು ಅಲ್ಲ. 2025ರ ಟಿಕೆಟಿಗೆ 373.50 ಪೌಂಡ್, ಮೇಲೆ ಕಾಯ್ದಿರಿಸುವ ಶುಲ್ಕ ಬೇರೆ. ಹಿಂದಿನ ನವೆಂಬರಿನಲ್ಲೇ ನಿಮಿಷಗಳಲ್ಲಿ ಖಾಲಿ. ಆಗ ಹೆಡ್‌ಲೈನರ್‌ಗಳ ಹೆಸರು ಇನ್ನೂ ಪ್ರಕಟವಾಗಿರಲಿಲ್ಲ. ಹೆಸರು ನೋಡದೆ ಕೊಂಡವರು ಹೆಸರಿಗಾಗಿ ಮುನಿಯುವುದು ವಿಚಿತ್ರ.

ಉಳಿದ ಬಳಕೆಗಳನ್ನು ಬೇಗ ಮುಗಿಸುತ್ತೇನೆ. ಹೆಡ್‌ಲೈನರ್‌ಗಿಂತ ಮುಂಚೆ ಹಾಡುವವರು ಸಬ್-ಹೆಡ್‌ಲೈನರ್. ಇಬ್ಬರಿಗೆ ಸಮಸ್ಥಾನ ಎಂದು ಆಯೋಜಕರು ಹೇಳಿದರೆ ಕೋ-ಹೆಡ್‌ಲೈನರ್. ಸಾಮಾನ್ಯವಾಗಿ ಯಾರನ್ನೂ ನೋಯಿಸಬಾರದೆಂಬ ಏರ್ಪಾಡು. ರೀಡಿಂಗ್ ಮತ್ತು ಲೀಡ್ಸ್ ಉತ್ಸವ 2021ರಲ್ಲಿ ಎರಡು ಮುಖ್ಯ ವೇದಿಕೆ ಹಾಕಿ ಆರು ಹೆಡ್‌ಲೈನರ್ ಎಂದಿತು. ತಲೆ ಎಷ್ಟಾದರೂ ಇರಲಿ, ಸಾಲು ಒಂದೇ ಎಂದುಕೊಂಡಿದ್ದ ನನ್ನಂಥವರಿಗೆ ಅದು ಸ್ವಲ್ಪ ಅತಿಯೆನಿಸಿತು.

ವೇದಿಕೆಯ ಹೆಸರು ಹೇಳದೆ ಹೆಡ್‌ಲೈನರ್ ಎನ್ನುವುದು ಇನ್ನೊಂದು ಎಡವಟ್ಟು. ಗ್ಲಾಸ್ಟನ್‌ಬರಿಯಲ್ಲಿ ಪ್ರತಿ ವೇದಿಕೆಗೂ ರಾತ್ರಿಗೊಬ್ಬ ಹೆಡ್‌ಲೈನರ್ ಇರುತ್ತಾರೆ. ಬರೀ ಪದ ಬಳಸಿದರೆ ಪಿರಮಿಡ್ ವೇದಿಕೆ ಎಂದೇ ಅರ್ಥ. 2025ರ ಶನಿವಾರ ಪಿರಮಿಡ್‌ನಲ್ಲಿ ನೀಲ್ ಯಂಗ್, ಅದೇ ಹೊತ್ತಿಗೆ ‘ಅದರ್ ಸ್ಟೇಜ್’ ಎಂಬ ಇನ್ನೊಂದು ವೇದಿಕೆಯಲ್ಲಿ ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್. ಜನಸಾಗರ ಹರಿದದ್ದು ಚಾರ್ಲಿಯತ್ತ. ಆಕೆಯನ್ನು ಪಿರಮಿಡ್‌ಗೆ ಹಾಕದಿದ್ದದ್ದು ತಪ್ಪು ಎಂದು ಕೆಲವರು, 1960ರ ದಶಕದಿಂದ ಹಾಡುತ್ತಿರುವವರ ಎದುರು ತಲೆ ಎಣಿಸಬಾರದು ಎಂದು ಕೆಲವರು. ಇಬ್ಬರೂ ಹೆಡ್‌ಲೈನರ್‌ಗಳೇ, ಬೇರೆ ಬೇರೆ ವೇದಿಕೆಗೆ. ಜನಸಂಖ್ಯೆಯಿಂದ ಆ ಪದವನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ.

ಕೊಡುವುದಾಗಿದ್ದರೆ 2019ರಲ್ಲಿ ಪಾಪ್ ಗಾಯಕಿ ಕೈಲಿ ಮಿನೋಗ್‌ಗೆ ಕೊಡಬೇಕಿತ್ತು. 2005ರಲ್ಲಿ ಅವರು ಹೆಡ್‌ಲೈನರ್ ಆಗಬೇಕಿತ್ತು, ಕ್ಯಾನ್ಸರ್ ತಪ್ಪಿಸಿತು. ಹದಿನಾಲ್ಕು ವರ್ಷದ ಬಳಿಕ ಬಂದಾಗ ಸಿಕ್ಕಿದ್ದು ಭಾನುವಾರ ಮಧ್ಯಾಹ್ನದ ‘ಲೆಜೆಂಡ್ಸ್ ಸ್ಲಾಟ್’, ಹಳೆಯ ಹೆಸರಾಂತರಿಗೆ ಕೊಡುವ ಸರದಿ. ಆ ವರ್ಷ ಬಿಬಿಸಿಯಲ್ಲಿ ಅವರನ್ನು ನೋಡಿದವರು ಮೂವರು ಹೆಡ್‌ಲೈನರ್‌ಗಳಲ್ಲಿ ಯಾರನ್ನೇ ನೋಡಿದವರಿಗಿಂತಲೂ ಹೆಚ್ಚು. ಆದರೂ ಅವರು ಹೆಡ್‌ಲೈನರ್ ಅಲ್ಲ. ಇದು ಅವಮಾನವೆಂದು ಕೆರಳುವ ಅಭಿಮಾನಿಗಳಿದ್ದಾರೆ. ಬಿಸಿಲಿನಲ್ಲಿ, ಮಕ್ಕಳು ಅಜ್ಜಿಯರ ಸಮೇತ ಇಡೀ ಹೊಲವೇ ಒಟ್ಟಿಗೆ ಹಾಡುವ ಆ ಹೊತ್ತನ್ನು ರಾತ್ರಿಯ ಹತ್ತು ಗಂಟೆಗಿಂತ ಮೇಲೆನ್ನುವವರೂ ಇದ್ದಾರೆ. ನಾನು ಅವರ ಪೈಕಿ.

ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳುವವರಿಗೆ: ‘ಮುಖ್ಯ ಆಕರ್ಷಣೆ’ ನಡೆಯುತ್ತದೆ, ಆದರೆ ಅದು ಕೈಲಿಗೂ ಒಪ್ಪುತ್ತದೆ, ಅದೇ ತೊಂದರೆ. ‘ಪ್ರಧಾನ ಗಾಯಕ’ ಎಂದರೆ ಬ್ಯಾಂಡಿನೊಳಗಿನ ಹಾಡುಗಾರ ಎಂದಾಗುತ್ತದೆ. ‘ಮುಖ್ಯ ಅತಿಥಿ’ ಎಂದರೆ ಶಾಲು, ಹಾರ, ಭಾಷಣ. ಹೆಡ್‌ಲೈನರ್ ಎಂದೇ ಬರೆಯಿರಿ, ಪಕ್ಕದಲ್ಲಿ ಯಾವ ದಿನ, ಯಾವ ವೇದಿಕೆ ಎಂದು ಸೇರಿಸಿ. ನಾನು ಮೊದಲು ಹೇಳಿದ ವಾಕ್ಯವನ್ನು ತಿದ್ದುವುದೂ ಕಷ್ಟವಲ್ಲ: ‘2002ರಲ್ಲಿ ಹೆಡ್‌ಲೈನರ್ ಆಗಿದ್ದ ರಾಡ್ ಸ್ಟೀವರ್ಟ್, 2025ರ ಭಾನುವಾರ ಮಧ್ಯಾಹ್ನ ಪಿರಮಿಡ್ ವೇದಿಕೆಯಲ್ಲಿ ಹಾಡಿದರು.’