ಮಿಡ್‌ಬ್ರೇನ್ ಕ್ಲಾಸಿಗೆ ಸೇರಿಸಲೋ, ಮನೆಯಲ್ಲೇ ಆಡಿಸಲೋ?

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಎಂಟು. ಬೇಸಿಗೆ ರಜೆಯಲ್ಲಿ ಮಿದುಳಿಗೆ ಕೆಲಸ ಕೊಡುವಂಥ ಆಟಗಳನ್ನು ಮನೆಮಂದಿಯೆಲ್ಲ ಸೇರಿ ಆಡಬೇಕೆಂದಿದ್ದೇವೆ. ಯಾವುದು ಒಳ್ಳೆಯದು? ಇಲ್ಲಾ ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಕ್ಲಾಸಿಗೆ ಸೇರಿಸಿಬಿಡುವುದೇ ಮೇಲಾ? ಅಲ್ಲಿಗೆ ಹೋಗಿಬಂದ ಪಕ್ಕದ ಮನೆ ಹುಡುಗಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೇಪರ್ ಓದುತ್ತಾಳೆ.

ಉತ್ತರ: ರಜೆ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತದೆ, ಕೊನೆಯ ಸಾಲು ಪ್ರತಿ ಸಲವೂ ಇದೇ. ಆಟದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ಕಣ್ಣುಪಟ್ಟಿ ಬಿಚ್ಚೋಣ.

ಮಿಡ್‌ಬ್ರೇನ್ ಎಂದರೆ ಮಿದುಳಿನ ಬುಡದಲ್ಲಿರುವ, ಸುಮಾರು 2 ಸೆಂಟಿಮೀಟರ್ ಉದ್ದದ ಭಾಗ. ಕಣ್ಣುಗುಡ್ಡೆ ಹೊರಳುವುದಕ್ಕೆ, ಬೆಳಕು ಬಿದ್ದಾಗ ಪಾಪೆ ಕಿರಿದಾಗುವುದಕ್ಕೆ, ಸದ್ದು ಬಂದತ್ತ ತಲೆ ತಿರುಗುವುದಕ್ಕೆ, ಎಚ್ಚರವಾಗಿರುವುದಕ್ಕೂ ಅದು ಬೇಕು. ನಿಮ್ಮ ಮಗ ಹುಟ್ಟಿದ ದಿನವೇ ಅದು ಕೆಲಸ ಮಾಡುತ್ತಿತ್ತು. ಅಲ್ಲಿಯ ಒಂದು ಬಗೆಯ ನರಕೋಶಗಳು ಸಾಯುತ್ತ ಹೋದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಜೋರು ಪೆಟ್ಟಾದರೆ ಮನುಷ್ಯ ಕೋಮಾಕ್ಕೆ ಹೋಗಬಹುದು. ಮಲಗಿರುವ ಮಿಡ್‌ಬ್ರೇನನ್ನು ಸಂಗೀತ ಕೇಳಿಸಿ ಎಬ್ಬಿಸುತ್ತೇವೆ ಎನ್ನುವವರು ಇಲ್ಲದ ಬಾಗಿಲಿಗೆ ಬೀಗದಕೈ ಮಾರುತ್ತಿದ್ದಾರೆ.

ಹಾಗಾದರೆ ಆ ಹುಡುಗಿ ಓದಿದ್ದು ಹೇಗೆ? ಮೂಗಿನ ಪಕ್ಕದ ಸಂದಿಯಿಂದ. ನೀವೇ ಒಂದು ದುಪಟ್ಟಾ ಕಟ್ಟಿಕೊಂಡು ನೋಡಿ. ಎಷ್ಟು ಬಿಗಿದರೂ ಮೂಗಿನ ಎರಡೂ ಕಡೆ ಸಣ್ಣ ಸಂದು ಉಳಿಯುತ್ತದೆ. ಕಣ್ಣು ಕೆಳಗೆ ಮಾಡಿದರೆ ಎದೆಯ ಹತ್ತಿರ ಹಿಡಿದ ಹಾಳೆ ಕಾಣುತ್ತದೆ. ಅದೇ ಹಾಳೆಯನ್ನು ಮಗುವಿನ ನೆತ್ತಿಯ ಮೇಲೆ ಹಿಡಿಯಿರಿ, ಇಲ್ಲವೇ ಲಕೋಟೆಯೊಳಗಿಟ್ಟು ಕೊಡಿ. ಓದು ಅಲ್ಲಿಗೆ ನಿಲ್ಲುತ್ತದೆ. ಜೀವರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಮಂಗಳೂರಿನ ನರೇಂದ್ರ ನಾಯಕ್ ಅವರು ವರ್ಷಗಳಿಂದ ಊರೂರಲ್ಲಿ ಇದನ್ನು ಬಯಲು ಮಾಡುತ್ತ ಬಂದಿದ್ದಾರೆ. ಆದರೂ ಪ್ರಶ್ನೆ ನಿಂತಿಲ್ಲ.

ನನಗೆ ಹಣ ಹೋಯಿತಲ್ಲ ಎನ್ನುವುದಕ್ಕಿಂತ ಸಂಕಟ ಬೇರೆ ಇದೆ. ತನಗೆ ಸಂದಿಯಿಂದ ಕಾಣುತ್ತಿದೆ ಎಂಬುದು ಮಗುವಿಗೆ ಗೊತ್ತು. ಅಪ್ಪ ಸಾವಿರಗಟ್ಟಲೆ ಕಟ್ಟಿದ್ದಾರೆ, ನೆಂಟರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದಾರೆ; ಅದು ಬಾಯಿ ಬಿಡುವುದಾದರೂ ಹೇಗೆ? ಅಪ್ಪ-ಅಮ್ಮನ ಎದುರು ನಟಿಸುವುದನ್ನು ನಾವೇ ದುಡ್ಡು ಕೊಟ್ಟು ಕಲಿಸಿದಂತಾಯಿತು. ಪಕ್ಕದ ಮನೆ ಹುಡುಗಿಯನ್ನು ದಯವಿಟ್ಟು ನಾಲ್ಕು ಜನರೆದುರು ಪರೀಕ್ಷೆಗೆ ನಿಲ್ಲಿಸಬೇಡಿ.

ಮಿದುಳು ಚುರುಕು ಮಾಡುವ ಆ್ಯಪ್‌ಗಳ ಬಗ್ಗೆ ಎರಡೇ ಮಾತು. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 11,430 ಜನ ಆರು ವಾರ ಕಂಪ್ಯೂಟರಿನಲ್ಲಿ ಇಂಥ ಅಭ್ಯಾಸ ಮಾಡಿದರು. ಅಭ್ಯಾಸ ಮಾಡಿದ್ದರಲ್ಲಿ ಪಳಗಿದರು. ಬೇರೆ ಪರೀಕ್ಷೆಗಳಿಗೆ ಆ ಚುರುಕು ದಾಟಲಿಲ್ಲ. ಆದ್ದರಿಂದ ನಾನು ಹೇಳುವ ಆಟಗಳಿಂದಲೂ ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆಂದು ಮಾತು ಕೊಡಲಾರೆ. ಯೋಚಿಸುತ್ತ, ಮಾತಾಡುತ್ತ ಒಂದು ಗಂಟೆ ಎಲ್ಲರೂ ಒಟ್ಟಿಗೆ ಕೂರುತ್ತೀರಿ, ಅದಂತೂ ಖಂಡಿತ.

ಚೌಕಾಬಾರ ನಿಮಗೆ ಗೊತ್ತೇ ಇದೆ. ಕವಡೆ ಬಿದ್ದಮೇಲೆ ಯಾವ ಕಾಯಿ ನಡೆಸುವುದು, ಕಡಿಯುವುದೋ ಕಟ್ಟೆ ಸೇರುವುದೋ ಎಂದು ಮಗನೇ ತೀರ್ಮಾನಿಸಲಿ, ನೀವು ಹೇಳಿಕೊಡಬೇಡಿ. ಹುಲಿ-ಕುರಿಯಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ, ಅದು ಮಗಳಿಗೆ ಸರಿ.

ನನ್ನ ಆಯ್ಕೆ ಅಳಗುಳಿ ಮಣೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ 5ರಂತೆ 70 ಹುಣಸೆ ಬೀಜ. ಕೆಲವು ಕಡೆ 4ರಂತೆ 56. ಒಂದು ಗುಳಿಯದನ್ನು ಎತ್ತಿ ಮುಂದಿನವಕ್ಕೆ ಒಂದೊಂದೇ ಹಂಚುತ್ತ ಹೋಗಿ, ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಂಚಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯದು ನಿಮಗೆ. ಎಲ್ಲಿಂದ ಎತ್ತಿದರೆ ಕೈ ಎಲ್ಲಿ ಮುಗಿಯುತ್ತದೆ ಎಂದು ಬೀಜ ಮುಟ್ಟದೆ ಕಣ್ಣಲ್ಲೇ ಎಣಿಸಬೇಕು. ಮೊದಲ ದಿನ ಬೆರಳು ಮಡಿಸಿ ಎಣಿಸುವ ಮಗು ವಾರ ಕಳೆದಮೇಲೆ ಸುಮ್ಮನೆ ನೋಡಿ ‘ಇಲ್ಲಿಂದ’ ಎಂದಾಗ ಆಗುವ ಸಂತೋಷವನ್ನು ನಾನು ತುಂಬ ಸಲ ಕಂಡಿದ್ದೇನೆ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 14 ಸುತ್ತು ಬರೆಯಿರಿ. ಮಗು ಅಳುತ್ತದೆಂದು ಬೇಕೆಂದೇ ಸೋಲಬೇಡಿ, ಅದಕ್ಕೆ ಗೊತ್ತಾಗಿಬಿಡುತ್ತದೆ.

ನೀವು ಕೇಳಿಲ್ಲ, ಆದರೆ ಕರಾವಳಿಯ ಹಿರಿಯರು ಮನೆಯಲ್ಲಿದ್ದರೆ ಮಾತು ಬಂದೇ ಬರುತ್ತದೆ: ಅಕ್ಕ-ತಂಗಿ ಎದುರುಬದುರು ಚೆನ್ನೆ (ಅಳಗುಳಿ ಮಣೆಗೆ ಅಲ್ಲಿಯ ಹೆಸರು) ಆಡಬಾರದಂತೆ, ಹೌದಾ? ಸಿರಿ ಎಂಬವಳ ಕಥೆ ಹೇಳುವ ತುಳುವಿನ ಜನಪದ ಹಾಡು ಸಿರಿ ಪಾಡ್ದನದಲ್ಲಿ ಅವಳ ಮೊಮ್ಮಕ್ಕಳು ಅಬ್ಬಗ-ದಾರಗ ಚೆನ್ನೆ ಆಡುತ್ತ ಜಗಳಕ್ಕೆ ಬೀಳುತ್ತಾರೆ, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳಿಗೆ ಹೊಡೆಯುತ್ತಾಳೆ, ಇಬ್ಬರ ಜೀವವೂ ಹೋಗುತ್ತದೆ. ಆ ಭಯ ಅಲ್ಲಿಂದ ಬಂದದ್ದು. ನಾನದನ್ನು ಮೂಢನಂಬಿಕೆ ಎಂದು ತಳ್ಳುವುದಿಲ್ಲ. ಒಡಹುಟ್ಟಿದವರ ನಡುವೆ ಸೋಲು ಎಷ್ಟು ಚುಚ್ಚುತ್ತದೆಂದು ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು. ನಿಮ್ಮ ಅಕ್ಕ-ತಮ್ಮ ಆಡಲಿ, ಆದರೆ ಮೊದಲ ವಾರ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಅಜ್ಜಿ ಇದ್ದರೆ ಅವರನ್ನೇ ಕೂರಿಸಿ. ಬೀಜ ಹಂಚುವ ಲೆಕ್ಕ ಅವರ ಬೆರಳಲ್ಲಿ ಇನ್ನೂ ಇರುತ್ತದೆ.