ರಿಪೋರ್ಟಿನ ಅಲರ್ಜಿ ಬೇರೆ, ಮಗುವಿನ ಅಲರ್ಜಿ ಬೇರೆ

ಮಗುವಿಗೆ ಕಡಲೆಕಾಯಿ ಯಾವಾಗ ತಿನ್ನಿಸಬೇಕು? ಮನೆತನದಲ್ಲಿ ಅಲರ್ಜಿ ಇರುವ ಅಮೆರಿಕದ ತಾಯಿಯೊಬ್ಬಳು 2001ರಲ್ಲಿ ಹೀಗೆ ಕೇಳಿದ್ದರೆ ಸಿಗುತ್ತಿದ್ದ ಉತ್ತರ: ಮೂರು ವರ್ಷ ತುಂಬುವವರೆಗೆ ಬೇಡ. 2009ರಲ್ಲಿ ಎರಡನೆಯ ಮಗು ಹುಟ್ಟಿದ್ದರೆ ಅದೇ ತಾಯಿಗೆ, ತಡ ಮಾಡುವುದರಿಂದ ಲಾಭ ಇದೆ ಎನ್ನಲು ಆಧಾರವಿಲ್ಲ ಎನ್ನುತ್ತಿದ್ದರು. 2018ರಲ್ಲಿ ಅವಳ ತಂಗಿಯ ಕೂಸಿಗೆ ಜೋರಾದ ಇಸುಬು ಇದ್ದಿದ್ದರೆ, ನಾಲ್ಕರಿಂದ ಆರು ತಿಂಗಳ ಒಳಗೇ ಶುರು ಮಾಡಿ, ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿಸಿ ಎಂಬ ಸಲಹೆ. ಒಂದೇ ತಲೆಮಾರಿನಲ್ಲಿ ಮಾತು ಪೂರ್ತಿ ತಿರುಗಿತು. ಹಳೆಯ ಸಲಹೆ ಕೇಳಿ ಮಕ್ಕಳನ್ನು ಬೆಳೆಸಿದವರು ಇವತ್ತು ಹೊಸ ತಾಯಂದಿರಿಗೆ ಬುದ್ಧಿ ಹೇಳುವ ವಯಸ್ಸಿನಲ್ಲಿದ್ದಾರೆ ಎನ್ನುವುದು ಬೇರೆ ವಿಷಯ.

ಇಷ್ಟು ಗೊಂದಲವಿದ್ದಾಗ ರಕ್ತಪರೀಕ್ಷೆ ಎಲ್ಲರಿಗೂ ಸುಲಭದ ದಾರಿಯಾಗಿ ಕಾಣುತ್ತದೆ. ಒಂದೇ ಸಲ ಎಲ್ಲದಕ್ಕೂ ಟೆಸ್ಟ್ ಮಾಡಿಸಿಬಿಟ್ಟರೆ ಚಿಂತೆ ಮುಗಿಯಿತಲ್ಲ! ಆದರೆ ಅಲರ್ಜಿಯ ಟೆಸ್ಟ್ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಹತ್ತಿರಹತ್ತಿರ ನೂರು ವರ್ಷ ಕಳೆದಿತ್ತು. ಗೊತ್ತಾದದ್ದು ಇನ್ನೂ ಎಲ್ಲ ಕ್ಲಿನಿಕ್ಕುಗಳನ್ನು ತಲುಪಿಲ್ಲ.

ರಕ್ತಪರೀಕ್ಷೆಗೂ ಮೊದಲು ಇದ್ದದ್ದು ಚರ್ಮ ಗೀರಿ ನೋಡುವ ಪದ್ಧತಿ, ಅದು ಹತ್ತೊಂಬತ್ತನೆಯ ಶತಮಾನದ್ದು. ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಕ್ಲೆ ತನ್ನ ಚರ್ಮವನ್ನೇ ಗೀರಿಕೊಂಡು ಅದಕ್ಕೆ ಹುಲ್ಲಿನ ಪರಾಗ ಸವರಿ ನೋಡಿದ್ದ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಹೆಸರು ಕೊಟ್ಟ. 1912ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್, ಮೊಟ್ಟೆ, ಬಾದಾಮಿ, ಓಟ್ಸ್ ಆಗಿಬರದ ಹುಡುಗನೊಬ್ಬನ ಚರ್ಮದ ಮೇಲೆ ಅವೇ ಪದಾರ್ಥಗಳನ್ನು ಪರೀಕ್ಷಿಸಿ ತೋರಿಸಿದ. 1921ರಲ್ಲಿ ಜರ್ಮನಿಯ ಪ್ರಾಸ್ನಿಟ್ಸ್, ಮೀನು ಆಗದ ತನ್ನ ಸಹೋದ್ಯೋಗಿ ಕುಸ್ಟ್ನರನ ಸೀರಮ್ಮನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಗಂಧೆ ಎದ್ದಿತು. ರಕ್ತದಲ್ಲಿ ಏನೋ ಇದೆ ಎಂಬುದು ಖಚಿತವಾಯಿತು. ಆ ‘ಏನೋ’ ಐಜಿಇ ಎಂಬ ಪ್ರತಿಕಾಯ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನು) ಎಂದು ತಿಳಿಯಲು 1960ರ ದಶಕದ ಕೊನೆಯಾಗಬೇಕಾಯಿತು. ಅಮೆರಿಕದಲ್ಲಿ ಇಶಿಝಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆಬೇರೆಯಾಗಿ ಅದನ್ನು ಕಂಡುಹಿಡಿದರು. 1974ರ ಹೊತ್ತಿಗೆ ಅದನ್ನು ಅಳೆಯುವ ರಕ್ತಪರೀಕ್ಷೆ ಮಾರುಕಟ್ಟೆಗೆ ಬಂತು.

ಚರ್ಮದ ಪರೀಕ್ಷೆ ಮಾಡುವವರಿಗೆ ಅನುಭವ ಬೇಕಿತ್ತು, ಎದುರಿಗೆ ಮಗು ಕೂತಿರಬೇಕಿತ್ತು. ರಕ್ತಪರೀಕ್ಷೆಗೆ ಇವೆರಡೂ ಬೇಕಿರಲಿಲ್ಲ. ಒಂದು ಸಣ್ಣ ಸೀಸೆ ರಕ್ತ ಲ್ಯಾಬಿಗೆ ಹೋದರೆ ಹತ್ತಾರು ಆಹಾರಗಳ ಪಟ್ಟಿ, ಪ್ರತಿಯೊಂದರ ಎದುರು ಒಂದು ಅಂಕಿ, ಒಂದು ದರ್ಜೆ ಅಚ್ಚಾಗಿ ಬರುತ್ತಿತ್ತು. ಅಂಕಿ ಕಂಡರೆ ನಂಬಿಕೆ ತಾನಾಗಿ ಬರುತ್ತದೆ. ಆದರೆ ಆ ಅಂಕಿ ಹೇಳುವುದು ಇಷ್ಟೇ: ಈ ಆಹಾರಕ್ಕೆ ಪ್ರತಿಕ್ರಿಯಿಸಬಲ್ಲ ಪ್ರತಿಕಾಯ ಈ ರಕ್ತದಲ್ಲಿದೆ. ತಿಂದರೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಊರಲ್ಲಿ ಪೊಲೀಸರಿದ್ದಾರೆ ಎಂದ ಮಾತ್ರಕ್ಕೆ ಗಲಾಟೆ ನಡೆದಿದೆ ಎಂದು ತಿಳಿಯುತ್ತೇವೆಯೇ? ಅಂಕಿ ಹೆಚ್ಚಿದಷ್ಟೂ ಅಲರ್ಜಿ ನಿಜವಾಗಿರುವ ಸಾಧ್ಯತೆ ಹೆಚ್ಚು, ಅದು ಸರಿ. ಆದರೆ ಪ್ರತಿಕ್ರಿಯೆ ಎಷ್ಟು ಉಗ್ರವಾಗಿರುತ್ತದೆ ಎಂಬುದನ್ನು ಅಂಕಿ ನೋಡಿ ಹೇಳಲಾಗದು. ‘ದರ್ಜೆ ನಾಲ್ಕು ಬಂದಿದೆ, ತುಂಬಾ ಸೀರಿಯಸ್ಸು’ ಎಂದು ಹೆದರಿಸುವ ಮಾತಿಗೆ ಆಧಾರವಿಲ್ಲ.

ಇದು ಮೊದಲೇ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. 1976ರಲ್ಲೇ ಚಾರ್ಲ್ಸ್ ಮೇ ಎಂಬ ಅಮೆರಿಕದ ವೈದ್ಯ, ಶಂಕಿತ ಆಹಾರ ಯಾವುದು, ಹುಸಿ ಯಾವುದು ಎಂದು ಮಗುವಿಗೂ ವೈದ್ಯರಿಗೂ ಗೊತ್ತಾಗದ ಹಾಗೆ ಕೊಟ್ಟು ನೋಡುವ ಪರೀಕ್ಷೆಯನ್ನು ಜಾರಿಗೆ ತಂದ. ಆಸ್ಪತ್ರೆಯಲ್ಲಿ, ಔಷಧಿ ಪಕ್ಕದಲ್ಲಿಟ್ಟುಕೊಂಡು, ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಹೆಚ್ಚಿಸುತ್ತ ತಿನ್ನಿಸುವ ಈ ವಿಧಾನವೇ ಇವತ್ತಿಗೂ ಕೊನೆಯ ತೀರ್ಪು. ಮುಂದೆ ಅಮೆರಿಕದ ಅಲರ್ಜಿ ತಜ್ಞ ಹ್ಯೂ ಸ್ಯಾಂಪ್ಸನ್ ಮೊದಲಾದವರು, ಅಂಕಿ ಎಷ್ಟಿದ್ದರೆ ತಿನ್ನಿಸಿ ನೋಡದೆಯೂ ಅಲರ್ಜಿ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು ಎಂಬ ಮಿತಿಗಳನ್ನು ಗುರುತಿಸಿದರು. ಆ ಮಿತಿಗಿಂತ ಕೆಳಗಿನ ದೊಡ್ಡ ಮಸುಕು ಪ್ರದೇಶದಲ್ಲಿ ತಿನ್ನಿಸಿ ನೋಡುವುದೇ ದಾರಿ. ಆದರೆ ಅದಕ್ಕೆ ಅರ್ಧ ದಿನ ಬೇಕು, ಹಾಸಿಗೆ ಬೇಕು, ಕಾಯುವ ನರ್ಸ್ ಬೇಕು. ಸೂಜಿಯ ಕೆಲಸ ಎರಡು ನಿಮಿಷದ್ದು. ಯಾವುದು ಹೆಚ್ಚು ನಡೆಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಫಲ ಏನಾಯಿತು ಎಂಬುದಕ್ಕೆ ಎರಡು ಅಧ್ಯಯನ ಸಾಕು. 2010ರಲ್ಲಿ ಪ್ರಕಟವಾದ ಮ್ಯಾಂಚೆಸ್ಟರಿನ ಅಧ್ಯಯನದಲ್ಲಿ ಎಂಟು ವರ್ಷದ 933 ಮಕ್ಕಳ ಪೈಕಿ 110 ಮಕ್ಕಳಿಗೆ ಕಡಲೆಕಾಯಿ ಪರೀಕ್ಷೆ ‘ಪಾಸಿಟಿವ್’. ತಿನ್ನಿಸಿ ನೋಡಿ ಲೆಕ್ಕ ಹಾಕಿದಾಗ, ಅವರಲ್ಲಿ ನಿಜವಾಗಿ ಅಲರ್ಜಿ ಇದ್ದವರು ನೂರಕ್ಕೆ ಸುಮಾರು 22. ಮರುವರ್ಷ ಅಮೆರಿಕದ ಡೆನ್ವರಿನಿಂದ ಬಂದ ವರದಿ ಇನ್ನೂ ಕಟುವಾಗಿತ್ತು. ಹೆಚ್ಚಿನವರಿಗೆ ಇಸುಬು ಇದ್ದ 125 ಮಕ್ಕಳಿಗೆ ಒಟ್ಟು 364 ಸಲ ಬೇರೆಬೇರೆ ಆಹಾರ ತಿನ್ನಿಸಿ ನೋಡಿದರು. 325 ಸಲ ಏನೂ ಆಗಲಿಲ್ಲ. ಅಲ್ಲಿಯವರೆಗೆ ಆ ಮಕ್ಕಳ ತಟ್ಟೆಯಿಂದ ಎಷ್ಟೋ ಆಹಾರಗಳನ್ನು ಮುಖ್ಯವಾಗಿ ರಿಪೋರ್ಟು ನೋಡಿಯೇ ತೆಗೆದುಹಾಕಲಾಗಿತ್ತು.

ಅನುಮಾನದ ಆಹಾರವನ್ನು ಸುಮ್ಮನೆ ಬಿಟ್ಟರೆ ನಷ್ಟವೇನು ಎಂಬ ಪ್ರಶ್ನೆ ಬರುತ್ತದೆ. ಬೆಳೆಯುವ ಮಗುವಿಗೆ ಹಾಲು, ಮೊಟ್ಟೆ, ಗೋಧಿ ಒಟ್ಟಿಗೆ ತಪ್ಪಿದರೆ ತೂಕ, ಎತ್ತರ ಎರಡೂ ಹಿಂದೆ ಬೀಳಬಹುದು. ಅದಕ್ಕಿಂತ ವಿಪರ್ಯಾಸದ್ದು ಇನ್ನೊಂದಿದೆ: ಇಸುಬಿರುವ ಮಗು ತೊಂದರೆಯಿಲ್ಲದೆ ತಿನ್ನುತ್ತಿದ್ದ ಆಹಾರವನ್ನು ಬಿಡಿಸಿ, ತಿಂಗಳುಗಟ್ಟಲೆ ಆದಮೇಲೆ ಮತ್ತೆ ಕೊಟ್ಟಾಗ ನಿಜವಾದ, ದಿಢೀರ್ ಅಲರ್ಜಿ ಕಾಣಿಸಿಕೊಂಡ ಪ್ರಕರಣಗಳು ದಾಖಲಾಗಿವೆ. ತಿನ್ನುತ್ತಿರುವುದೇ ಆ ಆಹಾರದ ಬಗ್ಗೆ ದೇಹದ ಸಹನೆಯನ್ನು ಉಳಿಸುತ್ತಿತ್ತು.

ಇದರ ಜೊತೆಗೆ ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಅಳೆದು ನೂರಾರು ಆಹಾರಗಳ ‘ಅಸಹಿಷ್ಣುತೆ’ ಪಟ್ಟಿ ಕೊಡುವ ಪರೀಕ್ಷೆಗಳೂ ಬಂದವು. ಆಹಾರ ತಿಂದ ಯಾವ ಆರೋಗ್ಯವಂತನಲ್ಲೂ ಐಜಿಜಿ ಇರುತ್ತದೆ. ಯುರೋಪು, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಎಂದು ಹೇಳಿ ಬಹಳ ವರ್ಷಗಳಾದವು. ಮಾರಾಟ ನಡೆದೇ ಇದೆ. ಎದುರು ದಿಕ್ಕಿನ ತಪ್ಪೂ ಉಂಟು. ಆಹಾರ ತಿಂದ ಒಂದರಿಂದ ನಾಲ್ಕು ಗಂಟೆಯಲ್ಲಿ ಮೇಲಿಂದ ಮೇಲೆ ವಾಂತಿಯಾಗಿ ಕೂಸು ಬಿಳಿಚಿ ಸೋತುಹೋಗುವ ಒಂದು ಬಗೆಯ ಆಹಾರ ಅಲರ್ಜಿಯಲ್ಲಿ ಐಜಿಇಯ ಪಾತ್ರವೇ ಇಲ್ಲ. ಅಲ್ಲಿ ರಿಪೋರ್ಟು ಸಾಮಾನ್ಯವಾಗಿ ‘ನಾರ್ಮಲ್’ ಬರುತ್ತದೆ, ಕಾಯಿಲೆ ಮಾತ್ರ ನಿಜ.

ಇನ್ನು ‘ಮೂರು ವರ್ಷ ಬೇಡ’ ಎಂಬ ಸಲಹೆ. ದೂರವಿಟ್ಟರೆ ಅಲರ್ಜಿ ಬರಲಾರದು ಎಂಬುದು ಸಹಜ ತರ್ಕ, ದುರುದ್ದೇಶವೇನಿರಲಿಲ್ಲ. ಬ್ರಿಟನ್ನಿನಲ್ಲಿ 1998ರಲ್ಲಿ, ಅಮೆರಿಕದಲ್ಲಿ 2000ದಲ್ಲಿ ಅದು ಅಧಿಕೃತವಾಯಿತು. ಆದರೂ ಅಲರ್ಜಿ ಕಡಿಮೆಯಾಗಲಿಲ್ಲ. 2008ರಲ್ಲಿ ಲಂಡನ್ನಿನ ಅಲರ್ಜಿ ತಜ್ಞ ಗಿಡಿಯಾನ್ ಲ್ಯಾಕ್ ತಂಡ ಒಂದು ಹೋಲಿಕೆ ಪ್ರಕಟಿಸಿತು: ಬ್ರಿಟನ್ನಿನ ಯಹೂದಿ ಶಾಲಾಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಶೇ. 1.85, ಕೂಸುಗಳಿಗೇ ಕಡಲೆಕಾಯಿ ತಿನಿಸು ಕೊಡುವ ಇಸ್ರೇಲಿನಲ್ಲಿ ಶೇ. 0.17. ಅದೇ ತಂಡ 640 ಶಿಶುಗಳ ಮೇಲೆ ನಡೆಸಿದ ಪ್ರಯೋಗ 2015ರಲ್ಲಿ ಹೊರಬಂತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಈ ಮಕ್ಕಳಲ್ಲಿ, ಐದನೆಯ ವಯಸ್ಸಿನ ಹೊತ್ತಿಗೆ ಕಡಲೆಕಾಯಿ ಬಿಟ್ಟವರ ಪೈಕಿ ಶೇ. 17.2, ತಿಂದವರ ಪೈಕಿ ಶೇ. 3.2 ಮಂದಿಗೆ ಅಲರ್ಜಿ. ಒಡೆದ ಚರ್ಮದ ಮೂಲಕ ಒಳಹೊಕ್ಕ ಆಹಾರದ ಕಣ ಅಲರ್ಜಿಗೆ ದಾರಿ ಮಾಡುತ್ತದೆ, ಬಾಯಿಯ ಮೂಲಕ ಹೋದದ್ದು ಸಹನೆ ಕಲಿಸುತ್ತದೆ ಎಂಬುದು ಈಗ ಹೆಚ್ಚು ಒಪ್ಪಿಗೆಯಿರುವ ವಿವರಣೆ. ಇಸುಬಿದ್ದ ಮಕ್ಕಳಿಗೇ ಅಪಾಯ ಹೆಚ್ಚು ಏಕೆ ಎಂಬುದಕ್ಕೂ ಅದು ಹೊಂದುತ್ತದೆ.

ಅಲರ್ಜಿ ಖಚಿತವಾದ ಮಕ್ಕಳ ಪಾಡೂ ಬದಲಾಗಿದೆ. ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನವರಲ್ಲಿ ಅವರು ಬೆಳೆದಂತೆ ಮಾಯವಾಗುತ್ತದೆ. ಕಡಲೆಕಾಯಿಯದು ಐವರಲ್ಲಿ ಒಬ್ಬರಿಗಷ್ಟೆ. ಹಸಿ ಮೊಟ್ಟೆ ಆಗದ ಅನೇಕ ಮಕ್ಕಳಿಗೆ ಕೇಕಿನೊಳಗೆ ಚೆನ್ನಾಗಿ ಬೆಂದ ಮೊಟ್ಟೆ ಆಗುತ್ತದೆ. ಸಣ್ಣ ಪ್ರಮಾಣದಿಂದ ದೇಹವನ್ನು ಒಗ್ಗಿಸುವ ಚಿಕಿತ್ಸೆ 1908ರಲ್ಲೇ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಗಿತ್ತು. ಕಡಲೆಕಾಯಿ ಅಲರ್ಜಿಗೆ ಅಂಥ ಪುಡಿರೂಪದ ಔಷಧಿಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 2020ರಲ್ಲಿ. 2024ರಲ್ಲಿ ಒಮಾಲಿಝುಮ್ಯಾಬ್ ಚುಚ್ಚುಮದ್ದಿಗೆ ಒಂದು ವರ್ಷ ದಾಟಿದ ಮಕ್ಕಳಿಗೂ ಒಪ್ಪಿಗೆ ಸಿಕ್ಕಿತು. ಆಕಸ್ಮಿಕವಾಗಿ ತಿಂದಾಗಿನ ಅಪಾಯ ಇದರಿಂದ ತಗ್ಗುತ್ತದೆ, ಆ ಆಹಾರವನ್ನು ಬಿಡುವುದಂತೂ ತಪ್ಪದು. ಬದಲಾಗದೆ ಉಳಿದದ್ದು ಅಡ್ರಿನಲಿನ್ ಚುಚ್ಚುಮದ್ದು. ಉಸಿರು ಕಟ್ಟಿದಾಗ, ಅಳುವ ದನಿ ಒಡೆದಾಗ, ಕೂಸು ಇದ್ದಕ್ಕಿದ್ದಂತೆ ಜೋತುಬಿದ್ದಾಗ ತೊಡೆಯ ಹೊರಮಗ್ಗುಲಿಗೆ ಮೊದಲು ಹೋಗಬೇಕಾದದ್ದು ಅದೇ. ತುರಿಕೆಯ ಸಿರಪ್ಪು ಆ ಕೆಲಸ ಮಾಡುವುದಿಲ್ಲ.

ಜಗ್ಗಾಟ ಉಳಿದಿರುವುದು ಮೊದಲ ತುತ್ತಿನ ಬಗ್ಗೆ. ತೀವ್ರ ಇಸುಬಿನ ಶಿಶುವಿಗೆ ಕಡಲೆಕಾಯಿ ಕೊಡುವ ಮೊದಲು ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಅಮೆರಿಕದ ಮಾರ್ಗಸೂಚಿ 2017ರಲ್ಲಿ ಹೇಳಿತು. ಎಲ್ಲ ಮಕ್ಕಳಿಗೂ ಮೊದಲ ವರ್ಷದೊಳಗೇ ಕೊಡಿ ಎಂದ ಆಸ್ಟ್ರೇಲಿಯಾ, ಮೊದಲೇ ಸಾಮೂಹಿಕ ತಪಾಸಣೆಯ ಗೋಜಿಗೆ ಹೋಗಲಿಲ್ಲ. ತಪಾಸಣೆ ಕಡ್ಡಾಯವಲ್ಲ, ಬೇಕೆನ್ನುವ ಮನೆಯವರು ಮಾಡಿಸಬಹುದು ಎಂದು ಅಮೆರಿಕ, ಕೆನಡಾದ ತಜ್ಞರ ಸಂಘಗಳೂ ಆಮೇಲೆ ಒಪ್ಪಿಕೊಂಡವು. ಇಡೀ ಬೀಜ ಗಂಟಲಿಗೆ ಸಿಕ್ಕೀತು, ನುಣ್ಣಗೆ ಅರೆದು ತೆಳುಮಾಡಿ ಕೊಡಿ, ಒಮ್ಮೆ ಒಗ್ಗಿದ ಮೇಲೆ ವಾರವಾರವೂ ತಪ್ಪಿಸಬೇಡಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.